ಕಾಟಾ ಮೇಲೆ 70 ಕೆಜಿ: ಒಂದು ಥ್ರಿಲ್ಲರ್‌ನ ಮೊದಲ ನಾಲ್ಕು ನಿಮಿಷ

ಕಾರಟಗಿಯ ಒಂದು ರೈಸ್ ಮಿಲ್‌ನಲ್ಲಿ ರಾತ್ರಿ ಹೊತ್ತು ಶೂಟ್ ಮಾಡಿದ ಓಪನಿಂಗ್ ಸೀನ್ ಬಗ್ಗೆ ಬರೆಯುತ್ತಿದ್ದೇನೆ. ಗಂಗಾವತಿ, ಕಾರಟಗಿ ಕಡೆಯ ಹುಡುಗ ಹುಡುಗಿಯರು ಕೈಯಿಂದ ದುಡ್ಡು ಹಾಕಿ ಮಾಡಿದ 22 ನಿಮಿಷದ ಥ್ರಿಲ್ಲರ್ ಕಿರುಚಿತ್ರ ಅದು. ಶೂಟ್ ಆಗಿತ್ತು, ಎಡಿಟ್ ಆಗಿತ್ತು, ಮ್ಯೂಸಿಕ್ಕೂ ಹಾಕಿ ಆಗಿತ್ತು. ಪರಿಚಯದವರನ್ನೆಲ್ಲ ಕೂರಿಸಿ ತೋರಿಸಿದರು. ಮೊದಲ ನಾಲ್ಕು ನಿಮಿಷ ಮುಗಿಯುವುದರೊಳಗೆ ಅರ್ಧ ಜನ ಮೊಬೈಲ್ ತೆಗೆದಿದ್ದರಂತೆ. ನಾನು ಬಳ್ಳಾರಿಯಲ್ಲಿ ಎಡಿಟಿಂಗ್ ಮಾಡುವವನು. ನಿರ್ದೇಶನ ಮಾಡಿದ ಹುಡುಗ ಹಾರ್ಡ್ ಡಿಸ್ಕ್ ತಂದು ಟೇಬಲ್ ಮೇಲಿಟ್ಟು, "ಅಣ್ಣಾ, ಎಲ್ಲಾ ಐತ್ರಿ, ಟೆನ್ಷನ್ ಒಂದ ಬರವಲ್ದು, ನೀವ ಒಂದ್ಸಲ ನೋಡ್ರಿ" ಅಂದ. ನೋಡಿದೆ. ಅವನು ಹೇಳಿದ್ದು ನಿಜ. ಎಲ್ಲ ಇತ್ತು, ಒಳ್ಳೆಯ ಸರಕೇ ಇತ್ತು. ಜೋಡಿಸಿದ ಕ್ರಮದಲ್ಲಿ ತೊಂದರೆ ಇತ್ತು.

ಮೊದಲು ಸೀನ್ ಏನು ಅಂತ ಹೇಳುತ್ತೇನೆ. ಮಿಲ್ಲಿನ ಗೇಟ್ ಹತ್ತಿರ ಕಾಟಾ, ಅಂದರೆ ಲಾರಿ ತೂಕ ಮಾಡುವ ವೇ ಬ್ರಿಡ್ಜ್. ಪಕ್ಕದಲ್ಲಿ ಚಿಕ್ಕ ರೂಮು. ಒಳಗೆ ಐವತ್ತು ದಾಟಿದ ಗುಮಾಸ್ತರು ಒಬ್ಬರೇ ಕೂತಿದ್ದಾರೆ. ಭತ್ತದ ಲಾರಿ ಬರುತ್ತದೆ, ತೂಕ ಆಗುತ್ತದೆ, ಚೀಟಿ ತಗೊಂಡು ಡ್ರೈವರ್ ಲಾರಿಯನ್ನು ಒಳಗೆ ಒಯ್ಯುತ್ತಾನೆ. ಗುಮಾಸ್ತರು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಾ ಹಾಸ್ಟೆಲ್‌ನಲ್ಲಿರುವ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಮಾತು ಮುಗಿಸಿ ತಿರುಗಿದರೆ, ಸೊನ್ನೆ ಇರಬೇಕಾದ ಕಾಟಾದ ಡಿಸ್‌ಪ್ಲೇಯಲ್ಲಿ 70 ಅಂತ ಇದೆ. ಕಾಟಾ ಮೇಲೆ ಲಾರಿ ಇಲ್ಲ, ಏನೂ ಇಲ್ಲ. ಅಲ್ಲಿಗೆ ಟೈಟಲ್.

ಈ ಐಡಿಯಾ ನನಗೆ ಬಹಳ ಇಷ್ಟವಾಯಿತು. ಎಲ್ಲಿಂದಲೋ ಎತ್ತಿ ತಂದದ್ದಲ್ಲ ಇದು. ತುಂಗಭದ್ರೆಯ ಎಡದಂಡೆ ಕಾಲುವೆ ನೀರಲ್ಲಿ ಬೆಳೆದ ಭತ್ತ, ಸುಗ್ಗಿಯಲ್ಲಿ ರಾತ್ರಿಯಿಡೀ ಸಾಲುಗಟ್ಟುವ ಲಾರಿಗಳು, ಕಾಟಾ ರೂಮಿನ ಟ್ಯೂಬ್‌ಲೈಟು, ಇವೆಲ್ಲ ಆ ಹುಡುಗರು ಚಿಕ್ಕಂದಿನಿಂದ ನೋಡಿದ ಜಗತ್ತು. ಒಬ್ಬ ಮನುಷ್ಯನನ್ನು ತೋರಿಸದೇ ಬರೀ ಅವನ ತೂಕ ತೋರಿಸಿ ಹೆದರಿಸಬಹುದು ಅಂತ ಯೋಚನೆ ಬಂದಿದೆಯಲ್ಲ, ಅದೇ ದೊಡ್ಡದು.

ಆದರೆ ಮೊದಲ ಕಟ್‌ನಲ್ಲಿ ಅದು ಕೆಲಸ ಮಾಡಲಿಲ್ಲ. 4 ನಿಮಿಷ 10 ಸೆಕೆಂಡಿನಲ್ಲಿ 46 ಶಾಟ್ ಇದ್ದವು. ಒಂದು ಶಾಟ್‌ಗೆ ಸರಾಸರಿ ಐದೂವರೆ ಸೆಕೆಂಡ್ ಕೂಡ ಸಿಗುವುದಿಲ್ಲ. ಕ್ಯಾಮೆರಾ ಕೈಯಲ್ಲೇ ಹಿಡಿದದ್ದು, ಸುಮ್ನೆ ನಡುಗುತ್ತಿತ್ತು. ಮೊದಲ ಸೆಕೆಂಡಿನಿಂದಲೇ ಗುಂಯ್ ಅನ್ನುವ ಭಯದ ಮ್ಯೂಸಿಕ್, ಮೇಲೆ ಕೀರಲು ವಯಲಿನ್. ಗುಮಾಸ್ತರು ಡಬ್ಬಿ ಬಿಚ್ಚುವಾಗಲೂ ವಯಲಿನ್, ನೀರು ಕುಡಿಯುವಾಗಲೂ ವಯಲಿನ್. ಕೊನೆಗೆ ಡಿಸ್‌ಪ್ಲೇ ಕ್ಲೋಸಪ್, ಜೊತೆಗೆ ಢಂ ಅಂತ ಒಂದು ಸದ್ದು. ಮೂರೂವರೆ ನಿಮಿಷದ ತನಕ ನೋಡುವವರಿಗೆ ಹೆದರಲು ಕಾರಣವೇ ಇಲ್ಲ, ಯಾಕೆಂದರೆ ಅವರಿಗೆ ಏನೂ ಗೊತ್ತಿಲ್ಲ. ಮ್ಯೂಸಿಕ್ ಮಾತ್ರ ಹೆದರಿ ಹೆದರಿ ಅಂತ ಕೂಗುತ್ತಿರುತ್ತದೆ. 70 ಬಂದಾಗ ಒಂದೆರಡು ಸೆಕೆಂಡ್ ಬೆಚ್ಚುತ್ತಾರೆ, ಅಷ್ಟೇ. ಅದರಲ್ಲೂ ಕಾಟಾ ನೋಡದವರಿಗೆ 70 ಅಂದರೆ ಏನು ಅಂತಲೇ ತಿಳಿಯಲಿಲ್ಲ.

ಬೆಚ್ಚಿಬೀಳಿಸುವುದು ಬೇರೆ, ಉಸಿರು ಬಿಗಿಹಿಡಿಸುವುದು ಬೇರೆ. ಇದನ್ನು ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ನಿರ್ದೇಶಕ ಫ್ರಾನ್ಸ್ವಾ ಟ್ರುಫೊ ಜೊತೆ ಮಾತಾಡುವಾಗ ಬಹಳ ಸರಳವಾಗಿ ವಿವರಿಸಿದ್ದರು. ಇಬ್ಬರು ಟೇಬಲ್ ಮುಂದೆ ಕೂತು ಏನೋ ಸಾಮಾನ್ಯ ಮಾತಾಡುತ್ತಿದ್ದಾರೆ, ಇದ್ದಕ್ಕಿದ್ದಂತೆ ಕೆಳಗಿದ್ದ ಬಾಂಬ್ ಸಿಡಿಯುತ್ತದೆ: ನೋಡುವವರಿಗೆ 15 ಸೆಕೆಂಡಿನ ಆಘಾತ. ಅದೇ ಬಾಂಬನ್ನು ನೋಡುವವರಿಗೆ ಮೊದಲೇ ತೋರಿಸಿ, ಎಷ್ಟು ಹೊತ್ತಿಗೆ ಸಿಡಿಯುತ್ತದೆ ಅಂತಲೂ ತಿಳಿಸಿ, ಆಮೇಲೆ ಅದೇ ಸಾಮಾನ್ಯ ಮಾತನ್ನು ಕೇಳಿಸಿದರೆ 15 ನಿಮಿಷದ ತಳಮಳ. ಸಿನಿಮಾ ಕಲಿಯುವವರೆಲ್ಲ ಇದನ್ನು ಕೇಳಿರುತ್ತಾರೆ. ಈ ಹುಡುಗರೂ ಕೇಳಿದ್ದರು. ತಮ್ಮ ಸೀನಿನಲ್ಲಿ ಬಾಂಬ್ ಯಾವುದು ಅಂತ ಮಾತ್ರ ಹುಡುಕಿರಲಿಲ್ಲ. ಅದು ಆ 70. ಅದನ್ನು ಗುಮಾಸ್ತರಿಗಿಂತ ಮೊದಲು ನಾವು ನೋಡಬೇಕಿತ್ತು.

ಇಷ್ಟು ಗೊತ್ತಾದ ಮೇಲೆ ಎರಡು ಕೆಲಸ ಉಳಿದವು. 70 ಅನ್ನುವುದನ್ನು ಎಲ್ಲಿ ತೋರಿಸುವುದು ಅನ್ನುವುದು ಒಂದು. ಅದಕ್ಕಿಂತ ಮೊದಲು, ಆ ಅಂಕಿಯನ್ನು ಓದುವುದು ಹೇಗೆ ಅಂತ ನೋಡುವವರಿಗೆ ಕಲಿಸಬೇಕು, ಅದೂ ಪಾಠ ಮಾಡಿದಂತೆ ಕಾಣಬಾರದು. ಈ ಎರಡನೆಯದರ ಮೇಲೆ ನಾವು ಜಾಸ್ತಿ ಹೊತ್ತು ಕಳೆದೆವು. ಸೀನಿನ ಜೀವ ಇರುವುದು ಅಲ್ಲೇ ಅಂತ ನನ್ನ ಅಭಿಪ್ರಾಯ.

ಕಾಟಾದ ಉಕ್ಕಿನ ತಟ್ಟೆಯ ಕೆಳಗೆ ಭಾರ ಅಳೆಯುವ ಲೋಡ್ ಸೆಲ್‌ಗಳಿರುತ್ತವೆ. ಮೇಲೆ ಎಷ್ಟು ಭಾರ ಬಿತ್ತೋ ಅಷ್ಟು ಅಂಕಿ ಡಿಸ್‌ಪ್ಲೇಗೆ ಬರುತ್ತದೆ. ಲಾರಿ ಕಾಟಾದಲ್ಲಿ ಸಾಮಾನ್ಯವಾಗಿ ಹತ್ತು ಹತ್ತು ಕೆಜಿ ಲೆಕ್ಕದಲ್ಲಿ ಅಂಕಿ ಬದಲಾಗುತ್ತದೆ, ಐದು ಅಥವಾ ಇಪ್ಪತ್ತರ ಲೆಕ್ಕದವೂ ಇವೆ. ಹಾಗಾಗಿ ಒಬ್ಬ ಮನುಷ್ಯ ತಟ್ಟೆ ಮೇಲೆ ನಿಂತರೆ 60, 70 ಅಂತ ತೋರಿಸುತ್ತದೆ. ಮಿಲ್ಲಿನ ಹಮಾಲರಿಗೆ ಇದು ಗೊತ್ತು, ಮಕ್ಕಳಿಗೂ ಗೊತ್ತು, ಎಷ್ಟೋ ಹುಡುಗರು ಅಲ್ಲೇ ನಿಂತು ತಮ್ಮ ತೂಕ ನೋಡಿಕೊಂಡವರು. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂತು ನೋಡುವವರಿಗೆ ಗೊತ್ತಿರಬೇಕಲ್ವಾ?

ಅದಕ್ಕೆ ಒಂದು ರಾತ್ರಿ ಮತ್ತೆ ಹೋಗಿ ಎರಡೇ ಶಾಟ್ ಹೊಸದಾಗಿ ತೆಗೆದರು. ಮೊದಲನೆಯದು ಹೀಗಿದೆ: ಲಾರಿ ಬರುವ ಮುಂಚೆ ಗುಮಾಸ್ತರು ಗೇಟ್ ತೆಗೆಯಲು ರೂಮಿನಿಂದ ಹೊರಬಂದು ಕಾಟಾ ದಾಟಿ ಹೋಗುತ್ತಾರೆ. ಗೋಡೆಗೆ ಹಾಕಿದ ಹೊರಗಿನ ಡಿಸ್‌ಪ್ಲೇ ಫ್ರೇಮಿನ ಮೇಲಿನ ಮೂಲೆಯಲ್ಲಿದೆ. ಅವರು ತಟ್ಟೆ ಮೇಲೆ ಕಾಲಿಟ್ಟಾಗ 0 ಹೋಗಿ 60, ಇಳಿದಾಗ ಮತ್ತೆ 0. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಕ್ಯಾಮೆರಾ ಅದರ ಕಡೆ ಹೋಗುವುದೂ ಇಲ್ಲ. ಆಮೇಲೆ ಲಾರಿ ಬರುತ್ತದೆ, ಅಂಕಿ ಸರಸರ ಏರಿ 24,630ಕ್ಕೆ ನಿಲ್ಲುತ್ತದೆ, ಲಾರಿ ಹೋದಾಗ 0. ಇಷ್ಟರಲ್ಲಿ ನೋಡುವವರ ತಲೆಯಲ್ಲಿ ಲೆಕ್ಕ ಕೂತುಬಿಟ್ಟಿರುತ್ತದೆ: ಮನುಷ್ಯ ಅಂದರೆ ಅರವತ್ತರ ಆಸುಪಾಸು, ಲಾರಿ ಅಂದರೆ ಸಾವಿರಗಟ್ಟಲೆ, ಖಾಲಿ ಅಂದರೆ ಸೊನ್ನೆ. ತಾವು ಕಲಿತೆವು ಅಂತಲೂ ಅವರಿಗೆ ಅನ್ನಿಸಿರುವುದಿಲ್ಲ.

ಎರಡನೇ ಹೊಸ ಶಾಟ್ ಅಂಗಳದ ಆ ಕಡೆಯಿಂದ ತೆಗೆದ ವೈಡ್, ಅಂದರೆ ಇಡೀ ಜಾಗ ಕಾಣುವ ಶಾಟ್. ಕಿಟಕಿಯೊಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಗುಮಾಸ್ತರ ಬೆನ್ನು, ಕಿವಿಗೆ ಫೋನು. ಪಕ್ಕದ ಗೋಡೆ ಮೇಲೆ ಕೆಂಪು 0. ಮುಂದೆ ಕಾಟಾದ ತಟ್ಟೆ ಉದ್ದಕ್ಕೆ ಬಿದ್ದಿದೆ, ಅರ್ಧ ಬೆಳಕಲ್ಲಿ, ಇನ್ನರ್ಧ ಕತ್ತಲಲ್ಲಿ. ಶಾಟ್ 38 ಸೆಕೆಂಡ್ ಇದೆ. ಹದಿನಾಲ್ಕನೇ ಸೆಕೆಂಡಿನಲ್ಲಿ 0 ಹೋಗಿ 70 ಆಗುತ್ತದೆ. ಕಟ್ ಇಲ್ಲ, ಝೂಮ್ ಇಲ್ಲ, ಸದ್ದು ಇಲ್ಲ. ಮಾತು ಹಾಗೇ ನಡೆಯುತ್ತಲೇ ಇರುತ್ತದೆ.

ಆ ಮಾತನ್ನೇ ನೋಡಿ. ಅಪ್ಪ ಮಗಳಿಗೆ ಕೇಳುತ್ತಾರೆ: "ರೂಮಿನ್ಯಾಗ ಒಬ್ಬಾಕೀನ ಅದಿಯೇನವ್ವಾ? ಬಾಗ್ಲ ಚಿಲಕ ಹಾಕ್ಕೊಂಡೀಯಿಲ್ಲೋ?" ಮೊದಲ ಕಟ್‌ನಲ್ಲೂ ಇದೇ ಸಾಲು ಇತ್ತು, ಇದೇ ರೆಕಾರ್ಡಿಂಗ್. ಆಗ ಒಬ್ಬರೂ ಗಮನಿಸಿರಲಿಲ್ಲ, ಯಾರೋ ಅಪ್ಪ ಮಗಳ ಮಾತು ಅಂತ ಕೇಳಿಬಿಟ್ಟಿದ್ದರು. ಈಗ 70 ಕಂಡ ಮೇಲೆ ಅದೇ ಸಾಲು ಬಂದರೆ ನೋಡುವವರ ಕಣ್ಣು ತಾನಾಗಿ ಗುಮಾಸ್ತರ ಬೆನ್ನ ಹಿಂದಿನ ತೆರೆದ ಬಾಗಿಲಿಗೆ ಹೋಗುತ್ತದೆ. ಒಂದು ಅಕ್ಷರ ಬದಲಾಗಿಲ್ಲ, ನಟನೆ ಬದಲಾಗಿಲ್ಲ, 70 ಮೊದಲೇ ಕಂಡಿತು ಅಷ್ಟೇ, ಮಗಳ ಬಗ್ಗೆ ಕಾಳಜಿ ಮಾಡುತ್ತಿರುವ ಆ ಮನುಷ್ಯನ ಬಗ್ಗೆ ನಮಗೇ ಕಾಳಜಿ ಹುಟ್ಟಿ, ಎದ್ದು ಹೋಗಿ ಆ ಬಾಗಿಲು ಹಾಕಿಬರೋಣ ಅನ್ನಿಸುತ್ತದೆ.

ಉದ್ದ ಶಾಟ್ ಬಗ್ಗೆ ಹುಡುಗರಿಗೆ ಅನುಮಾನ ಇತ್ತು. 38 ಸೆಕೆಂಡ್ ಕಟ್ ಮಾಡದೇ ಬಿಟ್ಟರೆ ಬೇಜಾರಾಗಲ್ವಾ ಅಂತ. ಏನೂ ಗೊತ್ತಿಲ್ಲದಿದ್ದರೆ ಖಂಡಿತ ಬೇಜಾರಾಗುತ್ತದೆ. ಗೊತ್ತಿದ್ದರೆ ಪ್ರತಿ ಸೆಕೆಂಡ್ ಭಾರವಾಗುತ್ತದೆ. ಕಟ್ ಮಾಡಿದರೆ ನೋಡುವವರಿಗೆ ಉಸಿರಾಡಲು ಜಾಗ ಸಿಕ್ಕಂತೆ. ಅವರಿಗೆ 1958ರ 'ಟಚ್ ಆಫ್ ಈವಿಲ್' ಚಿತ್ರದ ಮೊದಲ ಶಾಟ್ ತೋರಿಸಿದೆ. ಆರ್ಸನ್ ವೆಲ್ಸ್ ನಿರ್ದೇಶನ. ಒಬ್ಬ ಟೈಮ್ ಬಾಂಬ್ ಸೆಟ್ ಮಾಡಿ ಕಾರಿನ ಡಿಕ್ಕಿಯಲ್ಲಿ ಇಡುತ್ತಾನೆ, ಒಂದು ಜೋಡಿ ಬಂದು ಆ ಕಾರು ಹತ್ತಿ ಹೊರಡುತ್ತದೆ, ಕ್ರೇನ್ ಮೇಲಿನ ಕ್ಯಾಮೆರಾ ಮೇಲೇರಿ ಇಳಿದು ಬೀದಿಯುದ್ದಕ್ಕೂ ಸಾಗುತ್ತಾ ನಡೆದು ಹೋಗುವ ಇನ್ನೊಂದು ಜೋಡಿಯನ್ನು ಹಿಡಿಯುತ್ತದೆ. ಕಾರು ಒಮ್ಮೆ ಇವರ ಹತ್ತಿರ, ಒಮ್ಮೆ ದೂರ. ಮೂರು ನಿಮಿಷಕ್ಕೂ ಜಾಸ್ತಿ ಒಂದೂ ಕಟ್ ಇಲ್ಲ.

ಆ ಚಿತ್ರದ ಇನ್ನೊಂದು ಸಂಗತಿ ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು. ಬಿಡುಗಡೆಯಾದಾಗ ಆ ಶಾಟ್ ಮೇಲೆ ಟೈಟಲ್‌ಗಳಿದ್ದವು, ಹೆನ್ರಿ ಮ್ಯಾನ್ಸಿನಿಯ ಸಂಗೀತ ಇತ್ತು. ವೆಲ್ಸ್ ಮನಸ್ಸಿನಲ್ಲಿದ್ದದ್ದು ಬೇರೆ. ಸ್ಟುಡಿಯೋ ಮಾಡಿದ ಕಟ್ ನೋಡಿ ಅವರು 58 ಪುಟದ ಪತ್ರ ಬರೆದಿದ್ದರು. ಆ ಪತ್ರ ಇಟ್ಟುಕೊಂಡು 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಚಿತ್ರವನ್ನು ಮತ್ತೆ ಎಡಿಟ್ ಮಾಡಿದಾಗ ಓಪನಿಂಗ್‌ನಿಂದ ಟೈಟಲ್ಲನ್ನೂ ಆ ಸಂಗೀತವನ್ನೂ ತೆಗೆದರು. ಬೀದಿಯ ಸದ್ದು, ಕ್ಲಬ್ಬುಗಳಿಂದ ತೇಲಿಬರುವ ಹಾಡು, ಕಾರಿನ ರೇಡಿಯೋ ಇಷ್ಟೇ ಉಳಿದವು. ರೇಡಿಯೋ ಹಾಡು ಜೋರಾದರೆ ಬಾಂಬ್ ಇರುವ ಕಾರು ಹತ್ತಿರ ಬಂತು ಅಂತ ಕಿವಿಗೆ ಗೊತ್ತಾಗುತ್ತದೆ. ಎರಡೂ ಆವೃತ್ತಿ ಒಂದರ ಹಿಂದೆ ಒಂದು ಹಾಕಿ ತೋರಿಸಿದ ಮೇಲೆ ಮ್ಯೂಸಿಕ್ ಮಾಡಿದ ಹುಡುಗನೇ, "ತೆಗದ್ಬಿಡ್ರಿ ಅಣ್ಣಾ, ವಯಲಿನ್ ಬ್ಯಾಡ" ಅಂದ. ತಾನು ಕಷ್ಟಪಟ್ಟು ಮಾಡಿದ್ದನ್ನು ತೆಗೆಯಿರಿ ಅಂತ ಹೇಳಲು ದೊಡ್ಡ ಮನಸ್ಸು ಬೇಕು.

ಮ್ಯೂಸಿಕ್ ಹೋದ ಮೇಲೆ ಮಿಲ್ ಕೇಳಿಸತೊಡಗಿತು. ಭತ್ತ ಮೇಲೆತ್ತುವ ಎಲಿವೇಟರ್‌ನ ಬಕೆಟ್‌ಗಳ ಟಕಟಕ, ಬ್ಲೋವರ್‌ನ ಭೋರ್, ಬೆಲ್ಟಿನ ಸದ್ದು. ರೈಸ್ ಮಿಲ್ ಪಕ್ಕ ಬೆಳೆದವರಿಗೆ ಇದು ಸದ್ದೇ ಅಲ್ಲ, ನಿಂತಾಗಲೇ ಗೊತ್ತಾಗೋದು. ಅದನ್ನೇ ಬಳಸಿಕೊಂಡೆವು. ಮೊದಲ ಎರಡು ನಿಮಿಷ ಮಿಲ್ ಓಡುತ್ತಿದೆ. ಲಾರಿ ಕಾಣುವ ಮುಂಚೆಯೇ ಅದರ ಹಾರ್ನ್ ಗುಮಾಸ್ತರ ಮುಖದ ಮೇಲೆ ಬರುತ್ತದೆ, ಎಡಿಟಿಂಗ್‌ನಲ್ಲಿ ಜೆ ಕಟ್ ಅನ್ನುತ್ತಾರೆ, ಸದ್ದು ಮೊದಲು, ಚಿತ್ರ ಆಮೇಲೆ. ಇದರಿಂದ ಒಂದು ಒಪ್ಪಂದ ಆದಂತಾಗುತ್ತದೆ: ಈ ಚಿತ್ರದಲ್ಲಿ ಕಾಣದೇ ಕೇಳಿಸಿದ್ದಕ್ಕೆ ಅರ್ಥ ಇದೆ. ಫೋನ್ ಮಾತು ಶುರುವಾದ ಸ್ವಲ್ಪ ಹೊತ್ತಿಗೆ ಪಾಳಿ ಮುಗಿದು ಮಿಲ್ ನಿಲ್ಲುತ್ತದೆ. ಒಮ್ಮೆಗೇ ಅಲ್ಲ, ಯಂತ್ರಗಳು ಒಂದೊಂದಾಗಿ ನಿಲ್ಲುತ್ತವೆ, ಕೊನೆಗೆ ಬ್ಲೋವರ್ ನಿಧಾನಕ್ಕೆ ಇಳಿಯುತ್ತದೆ. ಉಳಿಯುವುದು ಜೀರುಂಡೆ, ಟ್ಯೂಬ್‌ಲೈಟ್ ಚೋಕ್‌ನ ಗುಂಯ್ಗುಡುವಿಕೆ, ರೊಟ್ಟಿ ಮುರಿಯುವ ಸದ್ದು. 70 ಬರುವುದು ಈ ಮೌನದಲ್ಲಿ.

ಸೌಂಡ್ ನೋಡಿಕೊಂಡ ಹುಡುಗಿಯ ಬಗ್ಗೆ ಹೇಳಲೇಬೇಕು. ಶೂಟ್ ದಿನ ಎಲ್ಲರೂ ಪ್ಯಾಕ್ ಮಾಡುತ್ತಿದ್ದಾಗ ಆಕೆ ರೂಮಿನೊಳಗೆ ಒಂದು ನಿಮಿಷ, ಅಂಗಳದಲ್ಲಿ ಒಂದು ನಿಮಿಷ ಯಾರೂ ಮಾತಾಡದೇ ಬರೀ ಜಾಗದ ಸದ್ದು ರೆಕಾರ್ಡ್ ಮಾಡಿಟ್ಟಿದ್ದಳು. ಅದಿಲ್ಲದಿದ್ದರೆ ಈ ಮೌನ ಕಟ್ಟಲು ಆಗುತ್ತಲೇ ಇರಲಿಲ್ಲ. ಸದ್ದನ್ನು ಪೂರ್ತಿ ಶೂನ್ಯಕ್ಕೆ ಇಳಿಸಿದರೆ ಅದು ಮೌನ ಅನ್ನಿಸುವುದಿಲ್ಲ, ಸ್ಪೀಕರ್ ಕೆಟ್ಟಿತು ಅನ್ನಿಸುತ್ತದೆ.

ಚಿತ್ರದ ಕಡೆ ಮಾಡಿದ ಬದಲಾವಣೆ ಕಡಿಮೆ. ವೈಡ್ ಶಾಟ್‌ಗೆ ಹಿಂದೆ ಸರಿದು, ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಹಾಕಿದರು. ಅಗಲಕ್ಕೆ ತೋರಿಸುವ 24 ಎಂಎಂ ಹಾಕಿದ್ದರೆ ತಟ್ಟೆಗೂ ರೂಮಿಗೂ ನಡುವೆ ದೊಡ್ಡ ಅಂತರ ಕಾಣುತ್ತಿತ್ತು. ದೂರದಿಂದ ಉದ್ದ ಲೆನ್ಸ್‌ನಲ್ಲಿ ನೋಡಿದಾಗ ಕತ್ತಲು ತುಂಬಿದ ಆ ತಟ್ಟೆ ಕಿಟಕಿಯ ಬುಡಕ್ಕೇ ಬಂದು ನಿಂತ ಹಾಗಿದೆ. ಡಿಸ್‌ಪ್ಲೇಯನ್ನು ಸರಿಯಾಗಿ ಹಿಡಿಯುವುದು ನಿಜವಾದ ತಲೆನೋವಾಗಿತ್ತು. ಎಲ್‌ಇಡಿ ಅಂಕಿಗಳು ಕಣ್ಣಿಗೆ ನಿಂತಂತೆ ಕಂಡರೂ ಕ್ಯಾಮೆರಾದಲ್ಲಿ ಮಿನುಗುತ್ತವೆ, ಕೆಲವು ಗೆರೆ ಮಾಯವಾಗುತ್ತವೆ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅದಕ್ಕೆ ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿಗೂ ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗ ತೆರೆದಿರುವಂತೆ ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದಿಲ್ಲ. ಡಿಸ್‌ಪ್ಲೇಗೂ ಅದೇ ಸರಿಹೋಯಿತು. ಬೇರೆ ಕಾಟಾದಲ್ಲಿ ಬೇರೆ ಶಟರ್ ಬೇಕಾಗಬಹುದು, ಹೋಗಿ ಟೆಸ್ಟ್ ಮಾಡಿಯೇ ನೋಡಬೇಕು. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬೀಳುವ ಬೆಳಕು, ಜಾಸ್ತಿಯಾದರೆ ಕೆಂಪು ಅಂಕಿ ಬೆಳ್ಳಗೆ ಉರಿದುಹೋಗುತ್ತದೆ. ಅಂಕಿಗೆ ಹೊಂದುವಂತೆ ಇಳಿಸಿದರು, ಅದರಿಂದ ಅಂಗಳವೂ ತಾನಾಗಿ ಇನ್ನಷ್ಟು ಕತ್ತಲಾಯಿತು. ಮೊದಲು ಬಳಸಿದ್ದ ಕೆಂಪು ಲೈಟು ಬೇಕಾಗಲೇ ಇಲ್ಲ. ಫ್ರೇಮಿನಲ್ಲಿ ಕೆಂಪಗಿರುವುದು ಆ ಅಂಕಿ ಒಂದೇ ಆಗಿರಲಿ ಅಂತ ನಾನು ಪಟ್ಟು ಹಿಡಿದೆ.

ದೊಡ್ಡ ಜಗಳ ಆದದ್ದು ಕಾಲುಗಳ ಬಗ್ಗೆ. ಕತ್ತಲಲ್ಲಿ ತಟ್ಟೆ ಮೇಲೆ ನಿಂತವನ ಚಪ್ಪಲಿಯ ಕ್ಲೋಸಪ್ ಒಂದು ತೆಗೆದಿದ್ದರು. ಚೆನ್ನಾಗಿಯೇ ಇತ್ತು, ಮಣ್ಣು ಮೆತ್ತಿದ ಚಪ್ಪಲಿ. ನಿರ್ದೇಶಕನಿಗೆ ಅದನ್ನು ಬಿಡಲು ಮನಸ್ಸಿಲ್ಲ. ಚಪ್ಪಲಿ ಕಂಡ ತಕ್ಷಣ ಅವನು ಯಾರೋ ಒಬ್ಬ ಮನುಷ್ಯ ಆಗಿಬಿಡುತ್ತಾನೆ, ಹೆಸರಿಲ್ಲದಿದ್ದರೂ ಆಕಾರ ಬಂದುಬಿಡುತ್ತದೆ ಅಂತ ನನ್ನ ವಾದ. 1931ರ 'ಎಂ' ಚಿತ್ರದಲ್ಲಿ ಫ್ರಿಟ್ಜ್ ಲ್ಯಾಂಗ್ ಮಗುವಿನ ಕೊಲೆಯನ್ನು ತೋರಿಸುವುದೇ ಇಲ್ಲ. ಊಟದ ಟೇಬಲ್ ಮುಂದೆ ಖಾಲಿ ಜಾಗ, ಉರುಳಿಬಂದು ನಿಲ್ಲುವ ಚೆಂಡು, ಮೇಲಿನ ತಂತಿಗೆ ಸಿಕ್ಕಿಕೊಂಡ ಬಲೂನು. ನೋಡಿದ ಎಷ್ಟೋ ವರ್ಷದ ಮೇಲೂ ಆ ಬಲೂನು ಮನಸ್ಸಿನಿಂದ ಹೋಗುವುದಿಲ್ಲ. ನಮ್ಮ ಹತ್ತಿರ ಅಂಥದ್ದೇ ಒಂದು ಅಂಕಿ ಇರುವಾಗ ಚಪ್ಪಲಿ ಯಾಕೆ? ಕೊನೆಗೆ ಚಪ್ಪಲಿ ಚಿತ್ರದ ಹನ್ನೊಂದನೇ ನಿಮಿಷಕ್ಕೆ ಹೋಯಿತು, ಅಲ್ಲಿ ಅದಕ್ಕೆ ಕೆಲಸವೂ ಇತ್ತು.

ಆ ವಾದದ ನಡುವೆ ನಿರ್ದೇಶಕನೇ ಒಂದು ಮಾತು ಹೇಳಿದ, ಇಡೀ ಸೀನಿನಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. "70 ಇರೋಮಟ ಅಂವ ಎಲ್ಲದಾನ ಅಂತ ನಮಗ ಗೊತ್ತೈತ್ರಿ. ಮತ್ತ 0 ಆದ್ರ?" ಸರಿ ಅಲ್ವಾ? 70 ಅಂದರೆ ಅವನು ಕಾಟಾ ಮೇಲಿದ್ದಾನೆ, ಹತ್ತು ಹೆಜ್ಜೆ ದೂರದಲ್ಲಿ. ಸೊನ್ನೆ ಆಯಿತು ಅಂದರೆ ಇಳಿದಿದ್ದಾನೆ. ಯಾವ ಕಡೆ ಇಳಿದ? ಹೊರಟುಹೋದನಾ, ಬಾಗಿಲ ಹತ್ತಿರ ಬಂದನಾ? ಮೊದಲು ಸಮಾಧಾನದ ಅಂಕಿಯಾಗಿದ್ದ 0 ಈಗ 70ಕ್ಕಿಂತ ಕೆಟ್ಟದ್ದು.

ಹಾಗಾಗಿ ವೈಡ್ ಶಾಟ್‌ನ ಕೊನೆಯಲ್ಲಿ 70 ಮತ್ತೆ 0 ಆಗುತ್ತದೆ. ಆಗ ಕಟ್ ಮಾಡಿ ರೂಮಿನೊಳಗೆ ಬರುತ್ತೇವೆ. ಗುಮಾಸ್ತರು ಫೋನ್ ಇಟ್ಟು ಡಿಸ್‌ಪ್ಲೇ ನೋಡುತ್ತಾರೆ. ಅವರಿಗೆ ಕಾಣುವುದು 0. ನೆಮ್ಮದಿಯಿಂದ ಡಬ್ಬಿ ಮುಚ್ಚುತ್ತಾರೆ. ಮೊದಲ ಕಟ್‌ನಲ್ಲಿ ಅವರು ಬೆಚ್ಚಿದ್ದರು, ಈಗ ಅವರಿಗೆ ಏನೂ ಗೊತ್ತೇ ಇಲ್ಲ, ಬೆಚ್ಚುವ ಕೆಲಸ ಪೂರ್ತಿ ನಮ್ಮದು. ಬಾಗಿಲು ಫ್ರೇಮಿನ ಬಲ ಅಂಚಿನಲ್ಲಿ ಅರ್ಧ ಮಾತ್ರ ಕಾಣುತ್ತದೆ. ಗುಮಾಸ್ತರನ್ನು ಎಡಕ್ಕೆ ತಳ್ಳಿ ಬಲಗಡೆ ಖಾಲಿ ಬಿಟ್ಟಿರುವುದರಿಂದ ಕಣ್ಣು ಆ ಖಾಲಿಯಲ್ಲೇ ನಿಲ್ಲುತ್ತದೆ. ಆರು ಸೆಕೆಂಡ್ ಏನೂ ಆಗುವುದಿಲ್ಲ. ಆಮೇಲೆ ಫ್ರೇಮಿನ ಹೊರಗಿನಿಂದ ಒಂದು ದನಿ, ಬಹಳ ಮೆತ್ತಗೆ, ಮರ್ಯಾದೆಯಿಂದ: "ತಾತಾ, ಕುಡಿಯಾಕ ನೀರ ಅದಾವೇನ್ರಿ?" ಟೈಟಲ್.

ಒಟ್ಟು 3 ನಿಮಿಷ 35 ಸೆಕೆಂಡ್, 19 ಶಾಟ್. ಮೊದಲಿಗಿಂತ ಚಿಕ್ಕದು, ಆದರೂ ಶಾಟ್‌ಗಳು ಎರಡು ಪಟ್ಟು ಉದ್ದ. ಮತ್ತೆ ತೋರಿಸಿದಾಗ ಬೇರೆ ಜನ ಇದ್ದರು. ಸಿನಿಮಾ ಮುಗಿದ ಮೇಲೆ ಹೇಗಿತ್ತು ಅಂತ ಕೇಳಬೇಡಿ, ಓಡುವಾಗ ಪರದೆ ಬಿಟ್ಟು ಮುಖ ನೋಡಿ ಅಂತ ಹುಡುಗರಿಗೆ ಹೇಳಿದ್ದೆ. 70 ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಪಕ್ಕದವರ ಕೈ ಮುಟ್ಟಿ ತೋರಿಸಿದರು. ಎಲ್ಲರೂ ಒಂದೇ ಕ್ಷಣಕ್ಕೆ ಗಮನಿಸಲಿಲ್ಲ, ಕೆಲವರು ಎರಡು ಮೂರು ಸೆಕೆಂಡ್ ತಡವಾಗಿ. ಅದು ತಪ್ಪು ಅಂತ ನನಗನ್ನಿಸಲಿಲ್ಲ. ತಾನೇ ಕಂಡುಹಿಡಿದ ಅಂಕಿಗೆ ಮನುಷ್ಯ ಜಾಸ್ತಿ ಹೆದರುತ್ತಾನೆ. ಚಿಲಕದ ಮಾತು ಬಂದಾಗ ಒಬ್ಬ ಹಮಾಲರು ಪರದೆಗೇ ಹೇಳಿದರು: "ನೀ ಮೊದ್ಲ ನಿನ್ನ ಬಾಗ್ಲ ಹಾಕ್ಕೋ ಮಾರಾಯಾ!"

ಇನ್ನೂ ಎರಡು ಸಮಸ್ಯೆ ಉಳಿದಿವೆ. ಓಪನಿಂಗ್ ಬಿಗಿಯಾದ ಮೇಲೆ ಎರಡನೇ ಸೀನ್, ಪೊಲೀಸ್ ಠಾಣೆಯದ್ದು, ತುಂಬ ಸಡಿಲ ಅನ್ನಿಸುತ್ತಿದೆ. ಅದನ್ನು ಈಗ ಕತ್ತರಿಸುತ್ತಿದ್ದಾರೆ. ಇನ್ನೊಂದು, ಈ ಕಿರುಚಿತ್ರವನ್ನು ಬಹುತೇಕ ಜನ ನೋಡುವುದು ಮೊಬೈಲ್‌ನಲ್ಲಿ. ದೊಡ್ಡ ಪರದೆಯಲ್ಲಿ ಚೆನ್ನಾಗಿ ಕಾಣುವ ಕೆಂಪು ಅಂಕಿ ಅಂಗೈಯಷ್ಟಗಲದ ಸ್ಕ್ರೀನಿನಲ್ಲಿ ಚುಕ್ಕೆಯಾಗುತ್ತದೆ. ಬ್ಲೋವರ್ ಇಳಿಯುವ ದಪ್ಪ ಸದ್ದು ಫೋನ್ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ, ಅಷ್ಟು ಕೆಳಗಿನ ದನಿ ಆ ಚಿಕ್ಕ ಸ್ಪೀಕರ್‌ಗೆ ಹೊರಡಿಸಲು ಆಗದು. ಅದಕ್ಕೆ ಮೊಬೈಲ್‌ಗೆ ಬೇರೆ ಕಾಪಿ ಮಾಡುತ್ತಿದ್ದೇವೆ. ವೈಡ್ ಶಾಟ್ ಅನ್ನು 4ಕೆಯಲ್ಲಿ ತೆಗೆದದ್ದರಿಂದ ಅಂಚು ಕತ್ತರಿಸಿ ಅಂಕಿಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಬಹುದು, ಕತ್ತಲ ತಟ್ಟೆ ಸ್ವಲ್ಪ ಹೋಗುತ್ತದೆ, ಹೋಗಲಿ. ಬ್ಲೋವರ್ ಜಾಗದಲ್ಲಿ ಎಲಿವೇಟರ್ ಬಕೆಟ್‌ಗಳ ಟಕಟಕ ನಿಧಾನವಾಗಿ ನಿಲ್ಲುವುದನ್ನು ಮುಂದೆ ತಂದಿದ್ದೇವೆ, ಅದು ಎಂಥ ಫೋನಿನಲ್ಲೂ ಕೇಳುತ್ತದೆ. ಸೌಂಡ್ ಹುಡುಗಿ ಮಿಕ್ಸ್ ಮಾಡಿದ್ದನ್ನು ಮನೆಯಲ್ಲಿರುವ ಹಳೇ ಫೋನಿನಲ್ಲಿ ಹಾಕಿ ಹಾಕಿ ಕೇಳುತ್ತಿದ್ದಾಳೆ, ಅದರಲ್ಲಿ ಸರಿಯಾದರೆ ಮಾತ್ರ ಫೈನಲ್ ಅಂತ.